ಏಳದೆ ಆಡಿದ ಸುತ್ತು

ಎಂಟುನೂರು ಪದಗಳಲ್ಲಿ ವರ್ಷವನ್ನು ಮುಗಿಸಬೇಕಾಗಿತ್ತು, ಅದೂ ಮಧ್ಯಾಹ್ನ ಎರಡರೊಳಗೆ. ಅವನು ಏಳು ಗಂಟೆಗೇ ಮೇಜಿನ ಮುಂದೆ ಕೂತಿದ್ದ. ಈಗ ಒಂಬತ್ತಾಗಿದ್ದರೂ ಹಾಳೆಯ ನೆತ್ತಿಯಲ್ಲಿ ‘ಚದುರಂಗ: ಈ ವರ್ಷ’ ಎಂಬುದನ್ನು ಬಿಟ್ಟರೆ ಮತ್ತೇನೂ ಬಂದಿರಲಿಲ್ಲ. ಹಾಗೆ ನೋಡಿದರೆ ವಿಷಯಕ್ಕೆ ಬರವಿರಲಿಲ್ಲ. ಫೆಬ್ರವರಿಯಲ್ಲಿ ವಿಶ್ವ ಪಟ್ಟ ಹನ್ನೊಂದು ವರ್ಷಗಳ ಮೇಲೆ ಕೈ ಬದಲಾಯಿಸಿತ್ತು. ಹಳೆಯ ಚಾಂಪಿಯನ್ ಕೊನೆಯ ಆಟದಲ್ಲಿ ಗಡಿಯಾರವನ್ನೇ ಮರೆತು, ಗೆಲ್ಲುವ ನಡೆಗೆಂದು ಕೈ ಎತ್ತಿದಾಗ ಸಮಯ ಮುಗಿದುಹೋಗಿತ್ತು. ಜೂನ್‌ನಲ್ಲಿ ಎಪ್ಪತ್ತೊಂಬತ್ತರ ಹಿರಿಯನೊಬ್ಬ ಟೂರ್ನಿಯ ನಡುವೆ ಸೋಲೊಪ್ಪಿ, ಎದುರಾಳಿಯ ಕೈ ಕುಲುಕಿ, ಕುರ್ಚಿಗೆ ಒರಗಿ ಹಾಗೇ ಹೋಗಿಬಿಟ್ಟಿದ್ದ. ಗೆದ್ದವನಿಗೆ ಅದು ಗೊತ್ತಾದದ್ದು ನಡೆ ಬರೆದ ಹಾಳೆಗೆ ಸಹಿ ಕೇಳಿದಾಗ. ಸೆಪ್ಟೆಂಬರ್‌ನಲ್ಲಿ ಹದಿಮೂರರ ಹುಡುಗಿಯೊಬ್ಬಳು ಗ್ರ್ಯಾಂಡ್‌ಮಾಸ್ಟರ್ ಆಗಿ, ಅದರ ಸುದ್ದಿಗೋಷ್ಠಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ಇವನ್ನೆಲ್ಲ ಅವನು ಕಣ್ಣು ಮುಚ್ಚಿ ಬರೆಯಬಲ್ಲ. ಆದರೆ ವರ್ಷದ ಕೊನೆಯ ಅಂಕಣಕ್ಕೆ ಮೊದಲು ಅಕ್ಕನ ಪುಸ್ತಕ ತೆರೆದು ನೋಡುವುದು ಹತ್ತೊಂಬತ್ತು ವರ್ಷಗಳ ರೂಢಿ. ಪ್ರತಿ ವಾರ ಪತ್ರಿಕೆಯಿಂದ ‘ಪದಾತಿ’ ಎಂಬ ಹೆಸರಿನ ಅವನ ಅಂಕಣವನ್ನು ಕತ್ತರಿಸಿ, ಅಂಟು ಹಚ್ಚಿ, ತಾರೀಕು ಹಾಕಿ, ತನಗೆ ಹಿಡಿಸಿದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿಡುತ್ತಿದ್ದಳು ಅಕ್ಕ. ಕುದುರೆ ಹೇಗೆ ನಡೆಯುತ್ತದೆಂಬುದೂ ಅವಳಿಗೆ ಗೊತ್ತಿರಲಿಲ್ಲ. ತಮ್ಮ ಬರೆದಿದ್ದಾನೆ ಎಂಬುದಷ್ಟೇ ಗೊತ್ತಿತ್ತು. ಅಕ್ಟೋಬರ್‌ನಲ್ಲಿ ಅವಳು ತೀರಿಕೊಂಡ ಮೇಲೆ ಪುಸ್ತಕಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅವನ ಕೋಣೆಗೆ ಬಂದಿದ್ದವು. ಈ ವರ್ಷದ್ದರಲ್ಲಿ ಆಗಸ್ಟ್ ಕೊನೆಯ ವಾರದಿಂದಾಚೆಗೆ ಪುಟಗಳು ಖಾಲಿ. ಅವಳು ಕೊನೆಯದಾಗಿ ಗೆರೆ ಎಳೆದದ್ದು ಎರಡು ಪುಟ್ಟ ವಾಕ್ಯಗಳಿಗೆ: ‘ಕೊನೆಯ ಸುತ್ತಿನಲ್ಲಿ ಆಕೆ ಒಮ್ಮೆಯೂ ಎದ್ದು ಹೋಗಲಿಲ್ಲ. ಸೋತರು.’

ಅಂಟು ಒಣಗಿ ಕಾಗದ ಅಲ್ಲಲ್ಲಿ ಉಬ್ಬಿತ್ತು. ಅವನು ಹೆಬ್ಬೆರಳಿನಿಂದ ಒತ್ತಿ ಸಮ ಮಾಡಲು ನೋಡಿದ. ಈ ಸಲ ಎಷ್ಟು ಚೆನ್ನಾಗಿ ಮುಗಿಸಿದೀಯೋ, ಅಂದಿದ್ದಳು ಅಕ್ಕ, ಫೋನಿನಲ್ಲಿ, ಆಗಲೇ ಉಸಿರು ಸಾಲದ ದನಿಯಲ್ಲಿ. ಅವಳು ಹೊಗಳಿದ ಮಾತಿಗೆ ಅವನು ಹೂಂ ಅಂದಿದ್ದ. ಆ ಹೂಂ ಅನ್ನು ವಾಪಸ್ಸು ತೆಗೆದುಕೊಳ್ಳಲು ಈಗ ಯಾರ ಹತ್ತಿರ ಹೋಗುವುದು?

ಫೋನು ಬಂತು. ಪತ್ರಿಕೆಯ ಕ್ರೀಡಾ ಪುಟದ ಮುಖ್ಯಸ್ಥ. “ಎಲ್ಲಿವರೆಗೆ ಬಂತಪ್ಪಾ, ಪದಾತಿ?”

“ಬರೀತಿದೀನಿ.”

“ಆ ಹೆಂಗಸಿಂದು ಮರೀಬೇಡ. ಬಾತ್‌ರೂಮಿಗೆ ಎದ್ದು ಹೋಗ್ತಿದ್ಲಲ್ಲ, ಅವಳ್ದು. ಚೆಸ್ಸಲ್ಲಿ ಜನ ಓದಿದ್ದು ಅದೊಂದನ್ನೇ.”

“ಆಕೆ ಮೇಲೆ ಏನೂ ಸಿಗ್ಲಿಲ್ಲ. ಚೆಸ್ ಒಕ್ಕೂಟದ ಪತ್ರ ಬಂದಿತ್ತು.”

“ಹೌದಾ? ನಾವು ಹಾಕಿದ್ವಾ?”

“ಇಲ್ಲ.”

“ಹಾಗಾದ್ರೆ ಅದನ್ನೂ ಒಂದು ಸಾಲು ಸೇರಿಸ್ಬಿಡು. ಎರಡು ಗಂಟೆ, ಮರೀಬೇಡ.”

ಐದು ಸಾಲಿನ ಪತ್ರ ಅದು. ಅವನ ಮೇಜಿಗೇ ಬಂದಿತ್ತು. ಓದಿ, ಪೇಪರ್‌ವೇಟಿನ ಕೆಳಗಿಟ್ಟು, ಆಸ್ಪತ್ರೆಗೆ ಹೋಗಿದ್ದ. ಮರುದಿನ ಪೇಪರ್‌ವೇಟಿನ ಕೆಳಗೆ ಇನ್ನೆರಡು ಕಾಗದ ಸೇರಿದ್ದವು, ಅದರ ಮೇಲೆ ಮತ್ತೊಂದು. ಮುಚ್ಚಿಟ್ಟ ಎಂದು ಯಾರೂ ಹೇಳುವಂತಿರಲಿಲ್ಲ. ಅವನ ಇಡೀ ವರ್ಷ ಹಾಗೇ ನಡೆದಿತ್ತು, ಯಾರೂ ಏನೂ ಹೇಳಲಾಗದ ಹಾಗೆ. ಆಗಸ್ಟ್‌ನ ಮಹಿಳಾ ಚಾಂಪಿಯನ್‌ಷಿಪ್ಪಿನ ಐದನೆಯ ಸುತ್ತಿನ ಮೇಲೆ ಅವನು ಬರೆದದ್ದು ಇಷ್ಟು: ‘ಮೇಲುಗೈ ಆದಾಗಲೆಲ್ಲ ಆಕೆ ಎದ್ದು ಹೊರಗೆ ಹೋಗುತ್ತಾರೆ, ಮರಳಿ ಬಂದು ಒಳ್ಳೆಯ ನಡೆ ಆಡುತ್ತಾರೆ.’ ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಶ್ರೇಯಾಂಕದ ಪಟ್ಟಿಯಲ್ಲಿ ಇಪ್ಪತ್ತಾರನೆಯವಳಾಗಿದ್ದ, ನಲವತ್ತಮೂರು ವರ್ಷದ, ಹಲ್ಲಿನ ಸೆಟ್ಟು ಮಾಡುವ ಕೆಲಸದ ಆ ಹೆಂಗಸು ಅಲ್ಲಿಯವರೆಗೆ ಒಂದೂ ಸೋತಿರಲಿಲ್ಲ. ಅಂಕಣ ಬಂದ ದಿನ ಅವಳ ಎದುರಾಳಿ, ಹೊರಗೆ ಹೋಗಿ ಫೋನಿನಲ್ಲಿ ನಡೆ ನೋಡಿಕೊಂಡು ಬರುತ್ತಾಳೆಂದು ದೂರಿ, ಅದನ್ನು ತೀರ್ಪುಗಾರರ ಮುಂದಿಟ್ಟಳು. ಕೊನೆಯ ಸುತ್ತಿಗೆ ಮೊದಲು ಸಭಾಂಗಣದ ನಡುವಿನ ಮೇಜಿನ ಮೇಲೆ ಅವಳ ಚೀಲವನ್ನು ತಲೆಕೆಳಗೆ ಮಾಡಿದರು. ಬಾಚಣಿಗೆ, ಮಾತ್ರೆಯ ಹಾಳೆ, ಮಡಚಿದ ಕರವಸ್ತ್ರ, ಒಂದು ಪುಟ್ಟ ಡಬ್ಬಿ. ಡಬ್ಬಿ ತೆರೆದರೆ ಮೇಣದ ಒಸಡಿನಲ್ಲಿ ಕೂರಿಸಿದ ಹಲ್ಲಿನ ಸಾಲು. ಬಿಡುವಿನಲ್ಲಿ ತಿದ್ದಲೆಂದು ತಂದುಕೊಂಡಿದ್ದ ಕೆಲಸ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅವನೂ ನಕ್ಕಿದ್ದ. ಕೆಟ್ಟದಾಗೇನಲ್ಲ, ಉಳಿದವರು ನಕ್ಕಷ್ಟೇ.

ಒಂಬತ್ತೂವರೆಗೆ ಅವನು ಕೋಟು ಹಾಕಿಕೊಂಡು ಬಸ್ಸು ಹತ್ತಿದ. ಟೂರ್ನಿಯ ಹೆಸರುಪಟ್ಟಿಯಲ್ಲಿ ಅವಳು ಕೆಲಸ ಮಾಡುವ ಜಾಗ ಇತ್ತು. ಅದು ನಾಲ್ಕು ತಿಂಗಳಿಂದ ಅವನಿಗೆ ಬಾಯಿಪಾಠ. ಕಿಟಕಿ ಪಕ್ಕ ಕೂತು, ಹೇಳಬೇಕಾದ ಮೊದಲ ಮಾತನ್ನು ಜೋಡಿಸಿಕೊಳ್ಳುತ್ತ ಹೋದ. ಪ್ರತಿ ನಿಲ್ದಾಣಕ್ಕೂ ಮಾತು ಉದ್ದವಾಗುತ್ತಿತ್ತು, ತಪ್ಪು ಕಡಿಮೆಯಾಗುತ್ತಿತ್ತು. ಮುಂದಿನ ಸೀಟಿನಲ್ಲಿ ಒಬ್ಬಾತ ಮಗಳ ಮದುವೆಯ ವಿಷಯವನ್ನು ಫೋನಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ, ಬಸ್ಸಿಗೆ ಬಸ್ಸೇ ಕೇಳಲಿ ಎಂಬಂತೆ. ತನ್ನ ಫೋನಿಗೆ ಪತ್ರಿಕೆಯವರನ್ನು ಬಿಟ್ಟರೆ ಅಕ್ಟೋಬರ್‌ನಿಂದ ಯಾರೂ ಕರೆ ಮಾಡಿಲ್ಲ ಎಂಬುದು ಅವನಿಗೆ ಥಟ್ಟನೆ ಹೊಳೆಯಿತು. ಹೊಳೆದದ್ದೇ ತಡ ಅದನ್ನೂ ಆ ಮೊದಲ ಮಾತಿನಲ್ಲಿ ಎಲ್ಲಿ ಸೇರಿಸಬಹುದೆಂದು ಮನಸ್ಸು ಹುಡುಕತೊಡಗಿತು. ಅವನಿಗೆ ಅಸಹ್ಯವಾಯಿತು. ಒಂದು ನಿಲ್ದಾಣ ಮೊದಲೇ ಇಳಿದು ನಡೆದ.

ಪ್ರಯೋಗಾಲಯವೆಂದರೆ ಒಂದು ಉದ್ದ ಕೋಣೆ, ಉತ್ತರದ ಬೆಳಕು, ಕಿಟಕಿಗುಂಟ ಕೆಲಸದ ಮೇಜು. ಹಲಗೆಗಳ ಮೇಲೆ ಸುಣ್ಣದಂಥ ಬಿಳಿ ಗಾರೆಯ ದವಡೆಗಳು, ಒಂದೊಂದಕ್ಕೂ ಒಂದೊಂದು ಚೀಟಿ. ಅವಳು ಸ್ಪಿರಿಟ್ ದೀಪದ ಉರಿಗೆ ಸಣ್ಣ ಚಾಕುವಿನ ತುದಿ ಹಿಡಿದು, ಬಿಸಿಯಾದ ತುದಿಯಿಂದ ಗುಲಾಬಿ ಮೇಣದ ಮೇಲೆ ಒಸಡಿನ ಅಂಚನ್ನು ಕೊರೆಯುತ್ತಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲ ಬಳಿಯ ಸದ್ದಿಗೆ ತಲೆ ಎತ್ತಿ, ಒಂದು ಗಳಿಗೆ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದಳು.

“ಪದಾತಿ ಅಲ್ವಾ ನೀವು?”

“ಹೌದು.”

“ಮುಂಚೆ ನಿಮ್ಮ ಮುಖ ಗೊತ್ತಿರ್ಲಿಲ್ಲ. ಆಮೇಲೆ ಗುರುತಿಟ್ಕೊಂಡೆ. ಕೂತ್ಕೊಳ್ಳಿ. ಆ ಸ್ಟೂಲಿನ ಮೇಲೆ ಪುಡಿ ಇರುತ್ತೆ, ಒರೆಸ್ಕೊಳ್ಳಿ.”

ಅವನು ಒರೆಸಿಕೊಳ್ಳದೆ ಕೂತ. ಬಸ್ಸಿನಲ್ಲಿ ಜೋಡಿಸಿದ್ದ ಮಾತು ಪೂರ್ತಿ ಮರೆತುಹೋಗಿತ್ತು. “ಒಕ್ಕೂಟದ ಪತ್ರ ಅಕ್ಟೋಬರ್‌ನಲ್ಲೇ ಬಂದಿತ್ತು. ನಾನು ಹಾಕ್ಲಿಲ್ಲ. ಅಕ್ಕ ಆಸ್ಪತ್ರೇಲಿದ್ಲು,” ಅಂದ. ಅಂದ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು.

“ಈಗ ಹೇಗಿದಾರೆ?”

“ತೀರ್ಕೊಂಡ್ಲು.”

ಅವಳು ಚಾಕು ಕೆಳಗಿಟ್ಟಳು. “ಅಯ್ಯೋ ಪಾಪ,” ಅಂದಳು. “ದೊಡ್ಡೋರಾ?”

“ನನಗಿಂತ ಒಂಬತ್ತು ವರ್ಷಕ್ಕೆ.”

ಅವಳ ದನಿಯಲ್ಲಿ ಕಪಟವಿರಲಿಲ್ಲ. ಅಕ್ಕ ಹೋದ ಮೇಲೆ ಮೊದಲ ಬಾರಿಗೆ ಯಾರೋ ಅವನ ಸಲುವಾಗಿ ಕೈಯ ಕೆಲಸ ನಿಲ್ಲಿಸಿದ್ದರು. ಅದು ಇವಳಾಗಬಾರದಿತ್ತು. ಮುಖ ತಿರುಗಿಸಿದ, ತಿರುಗಿಸಿದ್ದು ತನ್ನ ದುಃಖಕ್ಕೋ, ಇವಳ ಮುಂದೆ ಅದನ್ನು ತೋರಿಸಿಕೊಂಡದ್ದಕ್ಕೋ ತಿಳಿಯಲಿಲ್ಲ. ಅವನು ಅವಸರವಾಗಿ, “ನಾಳೆ ವರ್ಷದ ಬರಹ ಬರುತ್ತೆ. ನಿಮ್ಮ ಮೇಲೆ ಏನೂ ತಪ್ಪಿಲ್ಲ ಅಂತ ಅದ್ರಲ್ಲಿ ಬರೀತೀನಿ,” ಎಂದ.

“ಏನಂತ ಬರೀತೀರಿ? ಆಕೆ ಮೋಸ ಮಾಡ್ಲಿಲ್ಲ ಅಂತಾನಾ? ಓದೋರಿಗೆ ಮೊದ್ಲು ಕಣ್ಣಿಗೆ ಬೀಳೋದು ಮೋಸ ಅನ್ನೋದು. ಗೊತ್ತಿಲ್ದೆ ಇದ್ದೋರಿಗೂ ಗೊತ್ತಾಗುತ್ತೆ. ಇಲ್ಲಿಗೆ ಬರೋ ಡಾಕ್ಟರುಗಳು ಈಗೀಗ ಮರ್ತಿದಾರೆ. ಒಬ್ರು ಮೂರು ತಿಂಗಳು ನನಗೆ ಕೆಲಸಾನೇ ಕಳಿಸಿರ್ಲಿಲ್ಲ, ಹೋದ ವಾರದಿಂದ ಕಳಿಸ್ತಿದಾರೆ.” ಅವಳು ಮತ್ತೆ ಚಾಕು ಎತ್ತಿಕೊಂಡಳು. “ಎದ್ದು ಹೋಗ್ತಿದ್ದದ್ದು ನಿಜ. ನೀವು ಸರಿಯಾಗೇ ನೋಡಿದ್ರಿ. ಗೆಲ್ಲೋ ಹಾಗೆ ಕಾಣ್ತಿದ್ದ ಹಾಗೇ ನನಗೆ ಹೊಟ್ಟೆ ತೊಳಸುತ್ತೆ. ಚಿಕ್ಕವಳಿದ್ದಾಗಿಂದ. ಸೋಲೋ ಆಟದಲ್ಲಿ ಏನೂ ಆಗಲ್ಲ, ಕಲ್ಲಿನ ಹಾಗೆ ಕೂತಿರ್ತೀನಿ. ಒಂದು ಆನೆ ಹೆಚ್ಗೆ ಸಿಕ್ಕಿತು ಅನ್ನಿ, ಓಡ್ಬೇಕು. ವಾಂತಿ ಮಾಡಿ, ಮುಖ ತೊಳ್ಕೊಂಡು, ಗೋಡೆಗೆ ಹಣೆ ಒತ್ತಿಕೊಂಡು ನಿಂತಿರ್ತೀನಿ. ಅಲ್ಲಿ ನಿಂತಾಗ್ಲೇ ನಡೆ ಹೊಳೆಯೋದು.”

“ಕೊನೇ ಸುತ್ತಿನಲ್ಲಿ…”

“ಬಾಗಿಲ ಹೊರಗೆ ಒಬ್ಬಾಕೇನ ಕಾವಲು ನಿಲ್ಸಿದ್ರಲ್ಲ. ನಾನು ವಾಂತಿ ಮಾಡೋದನ್ನ ಆಕೆ ಕೇಳಿಸ್ಕೋಬೇಕಾ? ಆಮೇಲೆ ಅದನ್ನ ನೀವು ಬರೀಬೇಕಾ? ಏಳಲ್ಲ ಅಂತ ಕೂತೆ. ಆಟ ನನ್ನದೇ ಇತ್ತು, ನಿಮಗೂ ಗೊತ್ತು. ನುಂಗ್ತಾ ನುಂಗ್ತಾ ಹನ್ನೊಂದು ನಡೆ ಆಡಿದೆ. ಆಮೇಲೆ ಆಗ್ಲಿಲ್ಲ. ಆಟ ಮುಗಿದ್ರೆ ತಾನೇ ಹೆಣ್ಣುಮಗಳು ಯಾರಪ್ಪನ ಅಪ್ಪಣೆ ಇಲ್ದೆ ಎದ್ದು ಹೋಗ್ಬಹುದು. ಸೋತೆ ಅಂತ ಹೇಳಿ ಮುಗಿಸಿದೆ.”

ಅವನು ಕೈಗಳನ್ನು ಕೋಟಿನ ಜೇಬಿನೊಳಗೆ ಇಳಿಬಿಟ್ಟ. ಬೆರಳು ತಣ್ಣಗಾಗಿದ್ದವು. ಇಪ್ಪತ್ತಮೂರನೆಯ ವಯಸ್ಸಿನಲ್ಲೂ ಹೀಗೇ ತಣ್ಣಗಾಗಿದ್ದವು, ಆಯ್ಕೆ ಪಂದ್ಯದ ಕೊನೆಯ ದಿನ, ಒಂದು ಆನೆ ಹೆಚ್ಚಿಗಿದ್ದ ಆಟದಲ್ಲಿ. ಇನ್ನು ಆರೋ ಏಳೋ ನಡೆಗಳಲ್ಲಿ ಗೆಲುವು. ಆ ಗೆಲುವಿನ ಆಚೆ ಏನಿದೆಯೋ ಎಂಬ ಭಯಕ್ಕೆ ಬೆರಳು ಕಾಯಿ ಹಿಡಿಯದಾಗಿ, ಡ್ರಾ ಮಾಡಿಕೊಳ್ಳೋಣವೇ ಎಂದು ತಾನೇ ಕೇಳಿದ್ದ. ಎದುರಿನವನು ಮಾತು ಮುಗಿಯುವ ಮೊದಲೇ ಕೈ ಚಾಚಿದ್ದ. ಮನೆಗೆ ಬಂದು ಆಟ ಸಮವಾಗಿತ್ತು ಅಂದಿದ್ದ. ಅಕ್ಕ ಅದನ್ನೂ ನಂಬಿದ್ದಳು. ಮತ್ತೆ ಅವನು ಆಡಲಿಲ್ಲ, ಬರೆದ. ಸಭಾಂಗಣದಲ್ಲಿ ಎದ್ದು ಹೋಗುತ್ತಿದ್ದವಳ ಬಿಳಿಚಿದ ಮುಖವನ್ನು ಅಷ್ಟು ಜನರಲ್ಲಿ ಓದಬಲ್ಲವನು ಯಾರಾದರೂ ಇದ್ದಿದ್ದರೆ ಅದು ಅವನೊಬ್ಬನೇ. ಓದಿಯೂ ಇದ್ದ.

“ಒಂದು ಕೇಳ್ತೀನಿ,” ಅಂದಳು ಅವಳು. “ನಾನು ಮೋಸ ಮಾಡ್ತಿದೀನಿ ಅಂತ ನೀವು ನಂಬಿದ್ರಾ?”

“ಇಲ್ಲ.”

“ಮತ್ತೆ?”

ಕಿಟಕಿಯಾಚೆ ಯಾರೋ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಅವನು ಗಾರೆಯ ದವಡೆಗಳನ್ನೇ ನೋಡುತ್ತ ಹೇಳಿದ. ನಾಲ್ಕನೆಯ ಸುತ್ತಿನ ದಿನ ಎರಡು ಪ್ರಶ್ನೆ ಕೇಳಬೇಕೆಂದು ಅವಳ ಮೇಜಿನ ಪಕ್ಕ ಬಂದು ನಿಂತಿದ್ದ. ಮೈಮೇಲೆ ಕಂದು ಬಣ್ಣದ ಜಾಕೆಟ್ಟು. ಸಭಾಂಗಣದ ಕೆಲಸದವರದೂ ಹೆಚ್ಚುಕಡಿಮೆ ಅದೇ ಬಣ್ಣ. ಅವಳು ತಲೆ ಎತ್ತದೆ ಖಾಲಿ ಲೋಟವನ್ನು ಅವನ ಕೈಗಿಟ್ಟು, ಇನ್ನೊಂದು ಚಹಾ, ಸಕ್ಕರೆ ಬೇಡ, ಅಂದಿದ್ದಳು.

ಅವಳು ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದಳು. “ನನಗೆ ನೆನಪೇ ಇಲ್ಲ. ನೀವು ಏನ್ ಮಾಡಿದ್ರಿ?”

“ತಂದ್ಕೊಟ್ಟೆ.”

“ತಂದ್ಕೊಟ್ರಾ?”

“ಹೂಂ.”

“ಸಕ್ಕರೆ ಹಾಕ್ದೇನೇ?”

“ಹಾಕ್ದೇನೇ.”

ಅವಳ ತುಟಿಯ ಕೊನೆ ಅಲುಗಿತು. ನಗುತ್ತಾಳೆ ಎಂದುಕೊಂಡ, ನಕ್ಕರೆ ಎಲ್ಲ ಹಗುರಾದೀತೆಂದು ಎದೆಯಲ್ಲಿ ಆಸೆಯೊಂದು ನಾಚಿಕೆಯಿಲ್ಲದೆ ತಲೆ ಎತ್ತಿತು. ಅವಳು ನಗಲಿಲ್ಲ. ದೀಪದ ಬತ್ತಿಯನ್ನು ಕೊಂಚ ಇಳಿಸಿದಳು.

“ಬರೀಲೇಬೇಕು ಅಂದ್ರೆ ಇದನ್ನ ಬರೀರಿ. ನನ್ನ ಬಗ್ಗೆ ಬೇಡ. ನಾನು ಒಳ್ಳೆಯವಳು ಅಂತ ನಿಮ್ಮ ಹತ್ರ ಬರೆಸ್ಕೊಂಡು ಏನ್ ಮಾಡ್ಲಿ? ನಿಮ್ಮ ಬಗ್ಗೆ ಬರೀರಿ.” ಆಮೇಲೆ, ಬೇರೆಯದೇ ದನಿಯಲ್ಲಿ, “ಈ ಸೆಟ್ಟು ಹನ್ನೆರಡಕ್ಕೆ ಹೋಗ್ಬೇಕು,” ಅಂದಳು.

ಅವನು ಎದ್ದ. ಬಾಗಿಲ ತನಕ ಹೋಗಿ, ಇನ್ನು ಆಡುವುದಿಲ್ಲವೇ ಎಂದು ಕೇಳಿದ. ಅವಳು ಮೇಣದ ಮೇಲಿಂದ ಕಣ್ಣು ತೆಗೆಯದೆ ಇಲ್ಲ ಎಂಬಂತೆ ತಲೆಯಾಡಿಸಿದಳು. ಹೊರಗೆ ಬಂದು ನೋಡಿಕೊಂಡರೆ ಕೋಟಿನ ಹಿಂಭಾಗವೆಲ್ಲ ಬಿಳಿ ಪುಡಿ.

ಶನಿವಾರವಾದ್ದರಿಂದ ಪತ್ರಿಕೆಯ ಕಚೇರಿ ಅರ್ಧ ಖಾಲಿಯಿತ್ತು. ಅವನು ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಒಂದೇ ಉಸಿರಿಗೆ ಬರೆದ. ಚಾಂಪಿಯನ್ನನ ಗಡಿಯಾರ, ಸತ್ತ ಹಿರಿಯ, ನಿದ್ದೆ ಹೋದ ಹುಡುಗಿ, ಎಲ್ಲ ತಂತಮ್ಮ ತಿಂಗಳಲ್ಲಿ ಬಂದು ಕೂತವು. ಕೊನೆಯ ಭಾಗಕ್ಕೆ ಬಂದಾಗ ಕೈ ನಿಂತಿತು. ಮೊದಲು ಬರೆದದ್ದು ಚೆನ್ನಾಗಿತ್ತು; ಅದರಲ್ಲಿ ಪಶ್ಚಾತ್ತಾಪಕ್ಕೊಂದು ಲಯವಿತ್ತು, ಅಕ್ಕ ಗೆರೆ ಎಳೆಯುತ್ತಿದ್ದಂಥ ಲಯ. ಅಳಿಸಿದ. ಎರಡನೆಯ ಸಲ ಅವನ ಹೊಟ್ಟೆಕಿಚ್ಚಿಗೆ ಬಾಲ್ಯದ ಕಾರಣಗಳು ಬಂದವು. ಅದನ್ನೂ ಅಳಿಸಿದ. ಉಳಿದದ್ದು ಇಷ್ಟು: ‘ಆಗಸ್ಟ್‌ನಲ್ಲಿ ಈ ಅಂಕಣ ಬರೆದ ಮಾತುಗಳಿಂದ ಒಬ್ಬ ಆಟಗಾರ್ತಿ ಆಟ ಬಿಟ್ಟರು. ಬರೆಯುವಾಗ ನನಗೆ ಆಕೆಯ ಮೇಲೆ ಅನುಮಾನವಿರಲಿಲ್ಲ. ಆಕೆ ನನ್ನನ್ನು ಸಭಾಂಗಣದ ಕೆಲಸದವನೆಂದು ತಿಳಿದು ಚಹಾ ತರಲು ಹೇಳಿದ್ದರು. ನಾನು ತಂದುಕೊಟ್ಟೆ. ಆ ಸಿಟ್ಟಿಗೆ ಬರೆದೆ.’

ಮುಖ್ಯಸ್ಥ ಪರದೆಯ ಮುಂದೆ ಬಗ್ಗಿ ಎರಡು ಸಲ ಓದಿದ. “ಇದೇನಿದು?”

“ನಡೆದದ್ದು.”

“ನಡೆದದ್ದೆಲ್ಲ ಸುದ್ದೀನಾ? ಇದನ್ನ ಹಾಕಿದ್ರೆ ನಾಳೆ ಆಕೆ ಕೋರ್ಟಿಗೆ ಹೋದ್ರೆ ಉತ್ತರ ಹೇಳೋರು ಯಾರು? ಒಕ್ಕೂಟ ಆಕೇನ ನಿರ್ದೋಷಿ ಅಂದಿದೆ ಅಂತ ಒಂದು ಸಾಲು ಹಾಕೋಣ. ಮುಗೀತಲ್ಲ.”

“ಅದು ಬೇಡ ಅಂದ್ರು ಆಕೆ.”

“ಅದು ಬೇಡ, ಇದು ಆಗಲ್ಲ. ಮತ್ತೇನಪ್ಪಾ?”

“ಹಾಗಾದ್ರೆ ಪೂರ್ತಿ ಬೇಡ.”

ಮುಖ್ಯಸ್ಥ ಗೋಡೆಯ ಗಡಿಯಾರ ನೋಡಿದ, ಅವನನ್ನು ನೋಡಿದ. ಸುದ್ದಿಸಂಸ್ಥೆಯಿಂದ ವರ್ಷದ ನೋಟವೊಂದು ಬಂದಿದೆ, ಅದನ್ನೇ ಹಾಕುತ್ತೇನೆ. ಮನೆಯಲ್ಲಿ ಸಾವಾಗಿದೆ, ಅಂಕಣ ಸದ್ಯಕ್ಕೆ ನಿಲ್ಲಲಿ, ನೀನೂ ಸ್ವಲ್ಪ ದಿನ ಸುಧಾರಿಸಿಕೋ, ಅಂದ. ಒಳ್ಳೆಯ ಮನುಷ್ಯ. ಹತ್ತೊಂಬತ್ತು ವರ್ಷದ ಅಂಕಣ ಮುಗಿಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಯಾರಾದರೂ ಕೈ ಹಿಡಿದು ತಡೆಯುತ್ತಾರೆಂದು ಕಾದಿದ್ದೆನಲ್ಲ ಎಂದು ಅವನಿಗೆ ತಿಳಿದದ್ದು ಮೆಟ್ಟಿಲು ಇಳಿಯುವಾಗ. ಜೇಬಿನಲ್ಲಿ ಆ ಕೊನೆಯ ಭಾಗವನ್ನು ಮುದ್ರಿಸಿಕೊಂಡ ಹಾಳೆ ಇತ್ತು. ಅದನ್ನು ಯಾಕೆ ತೆಗೆದುಕೊಂಡೆನೆಂಬುದು ಆಮೇಲೆ, ಚೌಕದಲ್ಲಿ ಹಸಿರು ದೀಪಕ್ಕೆ ಕಾಯುತ್ತ ನಿಂತಾಗ ಗೊತ್ತಾಯಿತು.

ಚದುರಂಗದ ಕ್ಲಬ್ಬು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಶನಿವಾರ ಮಧ್ಯಾಹ್ನ ಅಲ್ಲಿ ಹದಿನೈದಿಪ್ಪತ್ತು ಜನ ಸೇರುತ್ತಾರೆ. ಅವನು ಹೋದಾಗ ಆಟಗಳು ಆಗಲೇ ಶುರುವಾಗಿದ್ದವು. ರಬ್ಬರಿನ ವಾಸನೆ, ಗಡಿಯಾರ ಒತ್ತುವ ಟಪಟಪ, ಯಾರೋ ಮೂಗು ಸೀಟಿದ ಸದ್ದು. ಸೂಚನಾ ಫಲಕದ ಮೇಲೆ, ಮುಂದಿನ ತಿಂಗಳ ವೇಳಾಪಟ್ಟಿಯ ಪಕ್ಕ, ಹಾಳೆಯನ್ನು ನಾಲ್ಕು ಪಿನ್ನು ಚುಚ್ಚಿ ನಿಲ್ಲಿಸಿದ. ಕಾರ್ಯದರ್ಶಿ ಕನ್ನಡಕ ಹಣೆಗೇರಿಸಿ ಓದಿದ. “ಇಲ್ಲಿ ಏನಾದ್ರೂ ಹಾಕ್ಬೇಕು ಅಂದ್ರೆ ಕಮಿಟಿ ಒಪ್ಪಿಗೆ ಬೇಕು ಸಾರ್, ನಿಮಗೆ ಗೊತ್ತಲ್ಲ.”

“ಬಾಗಿಲು ಹಾಕೋವರೆಗೆ ಇರ್ಲಿ.”

ಕಾರ್ಯದರ್ಶಿ ಕನ್ನಡಕ ಇಳಿಸಿಕೊಂಡು ಒಳಗೆ ಹೋದ. ಅವನು ಫಲಕದ ಪಕ್ಕದ ಬೆಂಚಿನಲ್ಲಿ ಕೂತ. ಆಟ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಓದಿದರು. ಒಬ್ಬ ಚಹಾದ ಸಾಲಿಗೆ ಬಂದಾಗ ನಕ್ಕು, ಬೆಂಚಿನ ಮೇಲಿದ್ದವನನ್ನು ಕಂಡು ಕೆಮ್ಮಿದ. ಇನ್ನೊಬ್ಬ ಓದಿದವನೇ ದುಡುದುಡು ಮೆಟ್ಟಿಲಿಳಿದು ಹೋದ. ನಿವೃತ್ತ ಗಣಿತದ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು, “ಹೀಗೆ ಒಪ್ಕೊಳ್ಳೋಕೆ ದೊಡ್ಡ ಮನಸ್ಸು ಬೇಕು ಕಣ್ರೀ,” ಎಂದರು. ಆ ಕೈ ಬೆಚ್ಚಗಿತ್ತು. ಒಂದು ಗಳಿಗೆ ಅದಕ್ಕೆ ಒರಗಿಕೊಳ್ಳಬೇಕೆನಿಸಿತು. ದೊಡ್ಡ ಮನಸ್ಸು ಎಂಬ ಮಾತು ಸಕ್ಕರೆಯಂತೆ ಒಳಗಿಳಿದು ಕರಗುತ್ತಿರುವುದು ಅವನಿಗೇ ಗೊತ್ತಾಗುತ್ತಿತ್ತು. ಎದ್ದು ನಿಂತ. ಕೈ ತಾನಾಗಿ ಜಾರಿತು. ಮೇಷ್ಟ್ರು ಕೊಂಚ ನೊಂದುಕೊಂಡು ಹೋದರು. ಆಮೇಲೆ ಅವನು ಕೂರಲಿಲ್ಲ, ಹಾಳೆಯ ಪಕ್ಕ ನಿಂತೇ ಇದ್ದ. ಎದುರಿನ ಮೇಜಿನಲ್ಲಿ ಕಾಯಿಗಳನ್ನು ಜೋಡಿಸಿಟ್ಟಿದ್ದ ಒಂದು ಹಲಗೆ ಯಾರೂ ಇಲ್ಲದೆ ಇತ್ತು. ಆಟವಾಡಲು ಬರುತ್ತೀರಾ ಎಂದು ಅವನನ್ನು ಯಾರೂ ಕರೆಯಲಿಲ್ಲ, ಹತ್ತೊಂಬತ್ತು ವರ್ಷಗಳಲ್ಲಿ ಕರೆದವರೂ ಇರಲಿಲ್ಲ.

ಐದೂವರೆಯ ಹೊತ್ತಿಗೆ ಪಾಳಿ ಮುಗಿಸಿ ನೇರ ಬಂದ ನರ್ಸೊಬ್ಬಳು ಚೀಲ ಹೆಗಲಿನಿಂದ ಇಳಿಸದೆ ಫಲಕದ ಮುಂದೆ ನಿಂತಳು. ಕ್ಲಬ್ಬಿನಲ್ಲಿ ಆಡುವ ಇಬ್ಬರೇ ಹೆಂಗಸರಲ್ಲಿ ಒಬ್ಬಳು, ಅವನಿಗೆ ಮುಖಪರಿಚಯವಷ್ಟೇ. ತುಟಿ ಅಲುಗಿಸುತ್ತ ನಿಧಾನವಾಗಿ ಓದಿದಳು. ಮುಗಿದ ಮೇಲೂ ಕದಲಲಿಲ್ಲ.

“ಆಕೆ ಈಗ ಎಲ್ಲೂ ಆಡ್ತಿಲ್ವಾ?”

“ಇಲ್ಲ.”

“ನಿಮ್ಮಿಂದಾನಾ?”

ದೂರು ಕೊಟ್ಟ ಎದುರಾಳಿ ಇದ್ದಳು. ಚೀಲ ಸುರಿದ ತೀರ್ಪುಗಾರರಿದ್ದರು, ಬಾಗಿಲಲ್ಲಿ ನಿಂತ ಕಾವಲಿನವಳಿದ್ದಳು, ನಕ್ಕ ಅಷ್ಟೂ ಜನರಿದ್ದರು. ಕೆಲಸ ಕಳಿಸದ ಡಾಕ್ಟರಿದ್ದ. ಆಡಬಹುದಾದ ನಡೆಗಳೆಲ್ಲ ಒಂದೊಂದಾಗಿ ಅವನ ಕಣ್ಣಮುಂದೆ ಬಂದವು. ಪ್ರತಿಯೊಂದೂ ನಿಯಮದೊಳಗೇ ಇತ್ತು.

“ಹೌದು,” ಎಂದ.

ಅವಳು ಅವನ ಮುಖವನ್ನು ಒಮ್ಮೆ ನೋಡಿದಳು, ರೋಗಿಯ ಮುಖ ನೋಡುವ ಹಾಗೆ, ಕನಿಕರವಾಗಲಿ ಸಿಟ್ಟಾಗಲಿ ಇಲ್ಲದೆ. ಆಮೇಲೆ ಚೀಲ ಇಳಿಸಿ ತನ್ನ ಮೇಜಿಗೆ ಹೋದಳು. ಅಲ್ಲಿ ಎದುರಾಳಿ ಕಾಯುತ್ತ ಕೂತಿದ್ದ, ಅವಳ ಗಡಿಯಾರ ಆಗಲೇ ಓಡುತ್ತಿತ್ತು.